ಹೋದ ವರ್ಷದ ಕೈ

ನಮ್ಮ ಅವ್ವ ತನ್ನ ಹಿರಿಯ ಮಗನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಮಾಸ್ತರ" ಅನ್ನುತ್ತಿದ್ದಳು. ಅವನಿಗೆ ಬಬಲೇಶ್ವರದ ಶಾಲೆಯಲ್ಲಿ ಕೆಲಸ ಸಿಕ್ಕ ದಿನದಿಂದ ಅದೇ ಹೆಸರು. "ಮಾಸ್ತರ ಬಂದಾನ, ಕೆನಿಮೊಸರ ತಗಿ." "ಮಾಸ್ತರ ಕುಂಡ್ರತಾನ, ಆ ಕಂಬಳಿ ಝಾಡಿಸು." ಹೆತ್ತ ಮಗನಿಗೆ ಇಷ್ಟು ಮರ್ಯಾದೆ ಕೊಡುವ ತಾಯಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಅವಳಿಗೆ ಸಣ್ಣಾವ. ತಲೆಯಲ್ಲಿ ಬಿಳಿ ಕೂದಲು ಬಂದ ಮೇಲೂ ಸಣ್ಣಾವ.

ನಮ್ಮದು ತಿಕೋಟಾ. ಅಪ್ಪ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನು ಓದಿಸುವುದು, ಇನ್ನೊಬ್ಬನನ್ನು ಕೈಕೆಲಸಕ್ಕೆ ಹಚ್ಚುವುದು ಎಂದು ಅವನು ಮೊದಲೇ ಗಟ್ಟಿ ಮಾಡಿಕೊಂಡಿದ್ದ. ಯಾರು ಯಾವುದಕ್ಕೆ ಎಂಬ ಮಾತೇ ನಮ್ಮ ಮನೆಯಲ್ಲಿ ಬರಲಿಲ್ಲ. ಅಣ್ಣ ಪಾಟಿಯ ಮೇಲೆ ಬರೆದ ಅಕ್ಷರವನ್ನು ಅಪ್ಪ ಹಿಟ್ಟಿನ ಕೈಯಲ್ಲೇ ಹಿಡಿದು ಗಿರಾಕಿಗಳಿಗೆ ತೋರಿಸುತ್ತಿದ್ದ. ನನಗೆ ನಾಲ್ಕನೇ ಇಯತ್ತೆ ಮುಗಿಯುತ್ತಲೇ ವಿಜಯಪುರಕ್ಕೆ ಕರೆತಂದು, ಸ್ಟೇಷನ್ ರಸ್ತೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಬಿಟ್ಟುಹೋದ. ಊರಿಗೆ ಆಗ ಬಿಜಾಪುರ ಅನ್ನುತ್ತಿದ್ದೆವು.

ಅಲ್ಲಿ ನಾನು ಕಲಿತದ್ದು ಟಚಿಂಗ್. ಈಗಿನವರಿಗೆ ಅದು ಗೊತ್ತಿರಲಿಕ್ಕಿಲ್ಲ. ಕಿಟಕಿಯ ಹತ್ತಿರ ಇಳಿಜಾರಾದ ಒಂದು ಮೇಜು, ಅದರ ನಡುವೆ ಹಾಲುಗಾಜು, ಕೆಳಗೊಂದು ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟರೆ ಕೆಳಗಿನಿಂದ ಬೆಳಕು ಬರುತ್ತದೆ. ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಅದರ ಮೇಲೆ ಸಣ್ಣ ಸಣ್ಣ ಗೀರು ಹಾಕುತ್ತ ಹೋದರೆ ಸಿಡುಬಿನ ಕಲೆ ಹೋಗುತ್ತದೆ, ಕಣ್ಣಿನ ಕೆಳಗಿನ ಕಪ್ಪು ಹೋಗುತ್ತದೆ, ಬಾಯಿಯ ಮೂಲೆ ತುಸು ಮೇಲಕ್ಕೆದ್ದು ನಗೆ ಬರುತ್ತದೆ. ವರನ ಕಡೆಗೆ ಕಳಿಸುವ ಕನ್ಯೆಯರ ಫೋಟೋಗಳೆಲ್ಲ ನನ್ನ ಮೇಜಿನಿಂದಲೇ ಹೋಗುತ್ತಿದ್ದವು. "ನಿನ್ನ ಪೆನ್ಸಿಲಿನಿಂದ ಎಷ್ಟ ಮದಿವಿ ಕೂಡ್ಯಾವಲೇ," ಎಂದು ಸ್ಟುಡಿಯೋದ ಮಾಲಕರು ನಗುತ್ತಿದ್ದರು, "ಅಕ್ಕಿಕಾಳು ಬಿದ್ದ ಮ್ಯಾಲ ಎಷ್ಟ ಮಂದಿ ನಿನ್ನ ಬೈದಾರೋ ಏನೋ!"

ಅಣ್ಣ ನನಗೆ ಏನೂ ಕೆಟ್ಟದ್ದು ಮಾಡಿದವನಲ್ಲ. ದೀಪಾವಳಿಗೆ ತನಗೆ ತಂದ ಬಟ್ಟೆಯಲ್ಲೇ ನನಗೂ ಒಂದು ಅಂಗಿ ಹೊಲಿಸುತ್ತಿದ್ದ. ಆದರೂ ನನ್ನ ಹೊಟ್ಟೆಕಿಚ್ಚು ಹುಳುಕು ಹಲ್ಲಿನ ಹಾಗಿತ್ತು. ಸುಮ್ಮನಿದ್ದಾಗ ಸುಮ್ಮನಿರುತ್ತಿತ್ತು, ಏನಾದರೂ ತಾಕಿದರೆ ಝುಮ್ ಎನ್ನುತ್ತಿತ್ತು. ಒಮ್ಮೆ ಇಬ್ಬರೂ ಬಸ್ಸಿನಲ್ಲಿ ಬಬಲೇಶ್ವರಕ್ಕೆ ಹೋಗುತ್ತಿದ್ದೆವು. ಸಾರವಾಡದಲ್ಲಿ ಇಳಿಯಲು ಎದ್ದ ಒಬ್ಬ ಗೃಹಸ್ಥ ಅಣ್ಣನ ಹಳೆಯ ವಿದ್ಯಾರ್ಥಿಯಂತೆ. ಅಣ್ಣನ ಕಾಲು ಮುಟ್ಟಿ, ತನ್ನ ಜಾಗದಲ್ಲಿ ಕೂಡಿಸಿ, ನನ್ನತ್ತ ನೋಡಿ, "ಇಂವ ಯಾರ್ರಿ, ನಿಮ್ಮ ಸಾಲ್ಯಾಗ ಗಂಟಿ ಹೊಡಿಯೂ ಸಿಪಾಯೇನು?" ಎಂದು ಕೇಳಿದ. ಅಣ್ಣ ಕೂಡಲೇ "ನನ್ನ ತಮ್ಮ" ಎಂದ. ಅವನು ಹೇಳಿದ್ದು ನನಗೆ ನೆನಪಿದೆ, ಆದರೆ ವರ್ಷಗಟ್ಟಲೆ ನಾನು ಮೆಲುಕು ಹಾಕಿದ್ದು ಆ ಸಿಪಾಯಿ ಎಂಬ ಮಾತನ್ನೇ.

ಪ್ರತಿ ವರ್ಷ ಏಳನೇ ಇಯತ್ತೆಯ ಮಕ್ಕಳು ಪರೀಕ್ಷೆಗೆ ಹೋಗುವ ಮೊದಲು ಅಣ್ಣನ ಶಾಲೆಯಲ್ಲಿ ಒಂದು ಗ್ರೂಪ್ ಫೋಟೋ ಆಗುತ್ತಿತ್ತು. ಬೇವಿನ ಮರದ ಕೆಳಗೆ ಅದೇ ಜಾಗ, ಅದೇ ಕುರ್ಚಿಗಳು. ಮಾಸ್ತರರು ಮುಂದೆ, ಎರಡೂ ಕೈ ತೊಡೆಯ ಮೇಲೆ, ಮಕ್ಕಳು ಹಿಂದೆ. ಎಡಗಡೆಯಿಂದ ಎರಡನೆಯ ಕುರ್ಚಿ ಅಣ್ಣನದು. ಸ್ಟುಡಿಯೋದ ಮಾಲಕರು ದೊಡ್ಡ ಸ್ಟ್ಯಾಂಡ್ ಕ್ಯಾಮೆರಾ ಒಯ್ಯುತ್ತಿದ್ದರು, ಸಾಮಾನು ಹೊರಲು ನಾನು.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಆ ಫೋಟೋದಲ್ಲಿ ಅಣ್ಣ ನಗಲಿಲ್ಲ. ಮಾಲಕರು "ತುಸು ನಗ್ರಿ ಮಾಸ್ತರ" ಎಂದು ಎರಡು ಮೂರು ಸಲ ಕೇಳಿಕೊಂಡರು. "ನಗಾಕತ್ತೇನ್ರಿ" ಎಂದ ಅಣ್ಣ. ಮುಖ ಮಾತ್ರ ಒಣ ಮಣ್ಣಿನ ಹಾಗೆ ಬಿಗಿದುಕೊಂಡಿತ್ತು. ಅವನನ್ನು ಹೆಡ್‌ಮಾಸ್ತರ ಮಾಡುತ್ತಾರೆಂಬ ಸುದ್ದಿ ಆಗ ಹಬ್ಬಿತ್ತು. ಸೊಕ್ಕು ಬಂದಿದೆ ಎಂದುಕೊಂಡೆ. ಹಾಗೆ ಅಂದುಕೊಳ್ಳಲು ನನಗೆ ಹಿತವಾಗಿಯೂ ಇತ್ತು.

ಅವ್ವನಿಗೂ ಅದು ಕಂಡಿತ್ತು, ಬೇರೆ ಥರ. "ಮಾಸ್ತರ ಯಾಕೋ ನಗೂದ ಬಿಟ್ಟಾನಪಾ," ಎಂದಳು. "ನೀ ಫೋಟೋದಾಗರೆ ನಗಸು."

ನಗಿಸಿದೆ. ಬಾಯಿಯ ಮೂಲೆಗೆ ಪೆನ್ಸಿಲಿನ ನಾಲ್ಕಾರು ಗೀರು, ಕಣ್ಣಿನಲ್ಲೊಂದು ಬೆಳಕಿನ ಚುಕ್ಕೆ. ಅವ್ವ ಆ ಫೋಟೋಕ್ಕೆ ಕಟ್ಟು ಹಾಕಿಸಿ ತಿಕೋಟಾದ ಮನೆಯ ಗೋಡೆಗೆ ಹಾಕಿಕೊಂಡಳು. ಅದರಲ್ಲಿ ಅಣ್ಣನ ಕೈ ಮಾತ್ರ ಅವನದೇ, ಅದನ್ನು ನಾನು ಮುಟ್ಟಿರಲಿಲ್ಲ. ಬೆರಳಿನ ಉಂಗುರ ಕೂಡ ಸ್ಪಷ್ಟ.

ಮುಂದಿನ ವರ್ಷ ಮಾಲಕರು ನನ್ನನ್ನೇ ಕರಿಬಟ್ಟೆಯ ಒಳಗೆ ತಲೆ ಹಾಕಿ ನೋಡು ಎಂದರು. ಆ ಕ್ಯಾಮೆರಾದ ಗಾಜಿನಲ್ಲಿ ಲೋಕ ತಲೆಕೆಳಗಾಗಿ ಕಾಣುತ್ತದೆ. ಬೇವಿನ ಮರ ಕೆಳಗೆ, ಮಾಸ್ತರರ ಚಪ್ಪಲಿ ಮೇಲೆ. ಎಲ್ಲರೂ ಕಲ್ಲಿನ ಹಾಗೆ ಕೂತಿದ್ದಾರೆ, ಆದರೆ ಒಂದು ಕಡೆ ಏನೋ ಅಲ್ಲಾಡುತ್ತಿದೆ. ನೋಡಿದರೆ ಅಣ್ಣನ ಬಲಗೈ. ಹೆಬ್ಬೆರಳೂ ತೋರುಬೆರಳೂ ಸೇರಿ ತಂಬಾಕಿನ ಎಸಳು ಉಜ್ಜಿದ ಹಾಗೆ.

"ಮಾಸ್ತರ, ಕೈ!" ಎಂದು ಮಾಲಕರು ಕೂಗಿದರು.

ಅಣ್ಣ ಎಡಗೈಯಿಂದ ಅದನ್ನು ಒತ್ತಿ ಹಿಡಿದ. ಬಿಟ್ಟ. ಮಾಲಕರು ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದು ಮರಳಿ ಹಾಕುವಷ್ಟರಲ್ಲಿ ಮತ್ತೆ ಶುರುವಾಗಿತ್ತು. ಹಿಂದಿನ ಸಾಲಿನ ಒಬ್ಬ ಹುಡುಗಿ ಕಿಸಕ್ಕೆಂದಳು. ಮಕ್ಕಳಿಗೆ ದಿನವಿಡೀ "ಅಳ್ಳಾಡದಂಗ ಕುಂಡ್ರಿ" ಎಂದು ಹೇಳುವ ಮಾಸ್ತರನಿಗೆ ತಾನೇ ಹಾಗೆ ಕೂಡಲು ಆಗುತ್ತಿಲ್ಲ! ಕರಿಬಟ್ಟೆಯ ಒಳಗೆ ನಾನು ನಕ್ಕೆ. ಅಲ್ಲಿ ಯಾರಿಗೂ ಕಾಣುವುದಿಲ್ಲವಲ್ಲ.

ನೆಗೆಟಿವ್ ತೊಳೆದಾಗ ಎಲ್ಲರೂ ಚೊಕ್ಕಟ ಬಂದಿದ್ದರು. ಅಣ್ಣನ ಬಲಗೈ ಇದ್ದಲ್ಲಿ ಹಿಂಜಿದ ಅರಳೆಯ ಹಾಗೆ ಒಂದು ಮಸುಕು. ಮಾಲಕರು ತಲೆ ಚಚ್ಚಿಕೊಂಡರು. "ಮತ್ತ ಹೋಗಿ ತಗ್ಯಾಕ ಬರೂದಿಲ್ಲ, ಹುಡುಗರು ಪರೀಕ್ಷಾಕ್ಕ ಹೋಗ್ಯಾವ. ನಿಮ್ಮಣ್ಣನ ಕೈ ನೀನ ಸುದ್ದ ಮಾಡು."

ಪೆನ್ಸಿಲಿಗೆ ಬಗ್ಗುವ ಮಸುಕಲ್ಲ ಅದು. ಹಿಂದಿನ ವರ್ಷದ ಫೋಟೋ ತೆಗೆದೆ. ಅದೇ ಕುರ್ಚಿ, ಅದೇ ತೊಡೆ, ಅದೇ ಬೆಳಕು. ಅದರಿಂದ ಕೈಯನ್ನು ಬ್ಲೇಡಿನಿಂದ ಕತ್ತರಿಸಿ, ಅಂಚನ್ನು ತೆಳ್ಳಗೆ ಉಜ್ಜಿ, ಹೊಸ ಫೋಟೋದ ಮೇಲೆ ಅಂಟಿಸಿದೆ. ಕೂಡಿಸಿದ ಗೆರೆಗೆ ಕುಂಚದಿಂದ ಬಣ್ಣ ಹಚ್ಚಿ, ಅದರದೇ ಇನ್ನೊಂದು ಫೋಟೋ ಹೊಡೆದೆ. ಗುರುತೇ ಸಿಗಲಿಲ್ಲ. ಮುಖಕ್ಕೆ ಈ ಸಲವೂ ನಗೆ ಕೊಟ್ಟೆ. ಶಾಲೆಗೆ ಹೋದದ್ದು, ಅವ್ವನಿಗೆ ಹೋದದ್ದು ಅದೇ.

ಆದರೆ ಬ್ಲೇಡು, ಪೆನ್ಸಿಲು ಹಿಡಿಯುವ ಮೊದಲು, ಇದ್ದದ್ದನ್ನು ಇದ್ದ ಹಾಗೆ ಒಂದು ಪ್ರಿಂಟ್ ಹಾಕಿಕೊಂಡೆ. ನನಗಾಗಿ. ಬಿಗಿದ ಮುಖ, ಮಸುಕಾದ ಕೈ. ಅದನ್ನು ನನ್ನ ಕೋಣೆಯ ಟ್ರಂಕಿನಲ್ಲಿ ಬಟ್ಟೆಗಳ ಅಡಿಯಲ್ಲಿಟ್ಟೆ. ತಿಕೋಟಾಕ್ಕೆ ಹೋಗಿ ಅವ್ವನ ಬಾಯಿಂದ ಮಾಸ್ತರನ ಗುಣಗಾನ ಕೇಳಿ ಬಂದಾಗಲೆಲ್ಲ ತೆಗೆದು ನೋಡುತ್ತಿದ್ದೆ. ಒಂದು ಬೀಡಿ ಸೇದಿದಷ್ಟು ಸಮಾಧಾನ ಆಗುತ್ತಿತ್ತು.

ಆ ಬೇಸಿಗೆಯಲ್ಲಿ ಬಬಲೇಶ್ವರದ ವೈದ್ಯರೊಬ್ಬರು ಅಣ್ಣನಿಗೆ ರಕ್ತದೊತ್ತಡ ಇದೆ ಎಂದು ಗುಳಿಗೆ ಶುರು ಮಾಡಿದರು. ಮುಂದಿನ ವರ್ಷದ ಫೋಟೋದಲ್ಲೂ ಕೈ ಮಸುಕು. ಮತ್ತೆ ಅದೇ ಹಳೆಯ ಕೈ ಅಂಟಿಸಿದೆ. "ಮಾಸ್ತರಗ ಒಂದ ಕೈ ಮೂರ ವರ್ಷ ಬಾಳಿಕಿ ಬಂತ ನೋಡು," ಎಂದರು ಮಾಲಕರು. ಇಬ್ಬರೂ ನಕ್ಕೆವು.

ಅಷ್ಟರಲ್ಲಿ ಊರಿನ ಕಣ್ಣಿಗೂ ಅದು ಬಿದ್ದಿತ್ತು. ನಡೆಯುವಾಗ ಅಣ್ಣನ ಬಲಗೈ ಬೀಸುತ್ತಿರಲಿಲ್ಲ, ಜೋತುಬಿದ್ದಂತೆ ಇರುತ್ತಿತ್ತು. ಬೋರ್ಡಿನ ಮೇಲೆ ಅವನ ಅಕ್ಷರ ಸಾಲಿನ ತುದಿಗೆ ಹೋಗುತ್ತ ಹೋಗುತ್ತ ಇರುವೆಯಷ್ಟು ಸಣ್ಣದಾಗುತ್ತಿತ್ತು. ಮಾಸ್ತರ ಕುಡಿಯುತ್ತಾನೆ ಎಂದು ಮಂದಿ ಆಡಿಕೊಳ್ಳತೊಡಗಿದರು. ನಮ್ಮ ವೈನಿ, ಅಣ್ಣನ ಹೆಂಡತಿ, ನೀರು ತರುವ ಬಾವಿಯನ್ನೇ ಬದಲಿಸಿದಳು. ಬಿಜಾಪುರದ ದವಾಖಾನೆಯಲ್ಲಿ ತಲೆಯ ಎಕ್ಸ್‌ರೇ ತೆಗೆಸಿದರು. "ತಲಿ ಫೋಟೋದಾಗ ಏನೂ ಬಂದಿಲ್ಲಂತ," ಎಂದು ಅಣ್ಣ ಅದನ್ನು ನನ್ನ ಸ್ಟುಡಿಯೋಕ್ಕೆ ತಂದ. ನನ್ನ ಹಾಲುಗಾಜಿನ ಮೇಲಿಟ್ಟು ನೋಡಿದೆ. ದುಂಡನೆಯ, ಕಲೆಯಿಲ್ಲದ ಬುರುಡೆ. ಇವನ ಎಲುಬಿಗೂ ಟಚಿಂಗ್ ಬೇಡ ಎಂದು ನನಗೆ ಅದರ ಮೇಲೂ ಸಿಟ್ಟು ಬಂತು.

ಕೊನೆಗೆ ಮಿರಜಿಗೆ ಹೋಗಿ ದೊಡ್ಡ ಡಾಕ್ಟರರಿಗೆ ತೋರಿಸುವುದೆಂದಾಯಿತು. ಜೊತೆಗೆ ನಾನು ಹೋದೆ.

ಡಾಕ್ಟರರು ವಯಸ್ಸಾದವರು, ಸಾವಕಾಶದ ಮನುಷ್ಯ. ಅಣ್ಣನ ಮೊಣಕೈ ಮಡಿಸಿ ಬಿಚ್ಚಿ ನೋಡಿದರು, ನಡೆಸಿ ನೋಡಿದರು, ಬರೆಸಿ ನೋಡಿದರು. ಆಮೇಲೆ ಹೇಳಿದರು. "ಇದಕ್ಕ ಎರಡ ಕಾರಣ ಇರಬಹುದ್ರಿ. ಒಂದು, ಪಾರ್ಕಿನ್ಸನ್ ಅಂತ ರೋಗ. ಇನ್ನೊಂದು, ನೀವು ನುಂಗೂ ಆ ಒತ್ತಡದ ಗುಳಿಗಿ. ಅದರಿಂದಾನೂ ಹಿಂಗ ಆಗತೈತಿ, ಬಿಟ್ರ ಹೋಗತೈತಿ. ನಡುಗೂದು ಗುಳಿಗಿಗಿಂತ ಮೊದಲ ಬಂತೋ, ಆಮ್ಯಾಲ ಬಂತೋ?"

ಅಣ್ಣ ಯೋಚಿಸಿದ. "ಆಮ್ಯಾಲ ಅಂತ ಅನಸ್ತದ್ರಿ. ಮೊದಲೂ ತುಸು ಇತ್ತೋ ಏನೋ."

"ಎಕ್ಸ್‌ರೇದಾಗ ಎಲುಬು ಅಷ್ಟ ಬರ್ತಾವ. ಮಿದುಳಿನಾಗ ಏನ ಕಡಿಮಿ ಆಗೇತಿ ಅಂತ ತೋರಸೂ ಫೋಟೋ ಇನ್ನೂ ಬಂದಿಲ್ರಿ. ಬರೂತನಾ ಹೊರಗಿನ ಫೋಟೋನ ಗತಿ. ಹಳೇವು ಅದಾವೇನು?"

ಅಣ್ಣ ಚೀಲದಿಂದ ಗ್ರೂಪ್ ಫೋಟೋಗಳನ್ನು ತೆಗೆದು ಮೇಜಿನ ಮೇಲೆ ವರ್ಷದ ಪ್ರಕಾರ ಜೋಡಿಸಿದ. ಯಾರೋ ಮೊದಲೇ ಹೇಳಿದ್ದರಂತೆ, ತಂದಿದ್ದ. ಡಾಕ್ಟರರು ಭೂತಗನ್ನಡಿ ಹಿಡಿದು ಒಂದೊಂದೇ ನೋಡಿದರು.

"ಕೈ ಎಷ್ಟ ಸ್ವಚ್ಛ ಬಂದೈತಿ! ಮಾರಿನೂ ನಗಮಾರಿ."

"ನಮ್ಮ ತಮ್ಮಂದ್ರಿ ಟಚಿಂಗು," ಎಂದ ಅಣ್ಣ. "ಇವನಂಥಾ ಕೈ ಇಡೀ ಬಿಜಾಪುರದಾಗ ಇನ್ನೊಬ್ಬರಿಗಿಲ್ರಿ."

ದೊಡ್ಡವರೊಬ್ಬರ ಮುಂದೆ ಅಣ್ಣ ನನ್ನನ್ನು ಹೊಗಳಿದ್ದು ನಾನು ಕೇಳಿದ್ದು ಅದೇ ಮೊದಲು. ಅದಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೆ!

ಡಾಕ್ಟರರು ನನ್ನತ್ತ ತಿರುಗಿದರು. "ಟಚಿಂಗ್ ಅಂದ್ರ ಮಾರಿಗೆ ಅಷ್ಟ ಅಲ್ಲ? ಕೈಗೆ ಏನೂ ಮಾಡಿಲ್ಲಲ್ಲ?"

"ಮಾರಿಗೆ ಅಷ್ಟರಿ," ಎಂದೆ. "ಕೈಗೆ ಏನೂ ಇಲ್ರಿ."

ಹಾಗಾದರೆ ಇದು ಗುಳಿಗೆಯದೇ ಇರಬೇಕು, ಕೈ ಕೆಟ್ಟದ್ದು ಅದು ಶುರುವಾದ ಮೇಲೆ ಎಂದು ಅವರು ತೀರ್ಮಾನಿಸಿದರು. ಆ ಗುಳಿಗೆ ಬಿಡಿಸಿ, ಒತ್ತಡಕ್ಕೆ ಬೇರೆಯದು ಕೊಟ್ಟರು. ಅದು ಮೈಯಿಂದ ಇಳಿಯಲು ತಿಂಗಳುಗಳೇ ಬೇಕು, ಮಳೆಗಾಲ ಮುಗಿಸಿ ಬನ್ನಿ ಎಂದರು. ಪಾರ್ಕಿನ್ಸನ್ನಿಗೆ ಹೊಸ ಔಷಧ ಬಂದಿದೆ, ಆದರೆ ಖಾತ್ರಿ ಇಲ್ಲದೆ ಅದನ್ನು ಕೊಡುವುದಿಲ್ಲ ಎಂದೂ ಹೇಳಿದರು. ಮರಳುವ ಬಸ್ಸಿನಲ್ಲಿ ಅಣ್ಣ ಹಗುರಾಗಿದ್ದ. "ರೋಗ ಅಲ್ಲಂತಲೇ," ಎಂದು ನನ್ನ ತೊಡೆ ತಟ್ಟಿದ. ತಟ್ಟಿದ ಕೈ ಅಲ್ಲೇ ನಡುಗುತ್ತ ಉಳಿಯಿತು.

ಆ ಮಳೆಗಾಲ ಅಣ್ಣ ಕಾದ. ಕೈ ಕಡಿಮೆಯಾಗಲಿಲ್ಲ, ಕಾಲಿಗೂ ಇಳಿಯಿತು. ಪಾಠ ಮಾಡುತ್ತ ಬೋರ್ಡಿನಿಂದ ಹೊರಳುವಾಗ ಒಮ್ಮೆ ತರಗತಿಯಲ್ಲೇ ಬಿದ್ದ. ಮರುದಿನ ಯಾರೋ ಶಾಲೆಯ ಗೋಡೆಗೆ ಇದ್ದಿಲಿನಿಂದ ಬಾಟಲಿಯ ಚಿತ್ರ ಬರೆದಿದ್ದರು. ತರಗತಿ ತಪ್ಪಿಸಿ ಅವನನ್ನು ಆಫೀಸಿನಲ್ಲಿ ಕೂಡಿಸಿದರು. ಇದನ್ನೆಲ್ಲ ಕೇಳಿಯೂ ನಾನು ಸುಮ್ಮನಿದ್ದೆ. ಕೈ ಬದಲಿಸಿದ್ದನ್ನು ಹೇಳಿದರೆ ಅಣ್ಣ ನಂಬಲು ಆ ಪ್ರಿಂಟ್ ತೋರಿಸಬೇಕು. ಅದನ್ನು ತೋರಿಸಿದರೆ ಯಾಕೆ ಇಟ್ಟುಕೊಂಡಿದ್ದೆ ಎಂದು ಹೇಳಬೇಕು. ಮಳೆಗಾಲ ಮುಗಿದರೆ ಡಾಕ್ಟರರು ತಾವೇ ಕಂಡುಕೊಳ್ಳುತ್ತಾರೆ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಇನ್ನೂ ಒಂದು ಮಾತಿದೆ, ಅದನ್ನೂ ಬರೆಯುತ್ತೇನೆ. ಬಬಲೇಶ್ವರದ ಬಸ್ಸಿನಲ್ಲಿ ಈಗ ಅವನಿಗೆ ಯಾರೂ ಜಾಗ ಬಿಡುತ್ತಿರಲಿಲ್ಲ. ಅದು ನನಗೆ ತಿಳಿದಾಗ ಮೊದಲು ಆದದ್ದು ದುಃಖವಲ್ಲ.

ಒಂದು ಭಾನುವಾರ ಅವನ ಮನೆಗೆ ಹೋದೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದ. ವೈನಿ ಹಾಕಲು ಹೋದರೆ "ಬಿಡು" ಎಂದು ಕೈ ಸರಿಸಿದ.

"ಆ ಗುಳಿಗಿ ಬಿಟ್ಟು ಎಷ್ಟ ದಿನಾತು. ಏನ ಉಪೇಗ ಆತು?" ಎಂದಳು ವೈನಿ. "ಮತ್ತೊಬ್ಬ ಡಾಕ್ಟರಗ ತೋರಸೂಣು ಅಂದ್ರ ಕೇಳವಲ್ರು."

"ಕಾಯ್ರಿ ಅಂದಾರ, ಕಾಯಬೇಕು," ಎಂದ ಅಣ್ಣ. ಅವನ ದನಿಯೂ ಸಣ್ಣದಾಗಿತ್ತು. "ನನಗೂ ಒಮ್ಮೊಮ್ಮೆ ಮೊದಲ ಇತ್ತು ಅನಸ್ತದ. ನಿಮ್ಮ ಮಾಲಕರು ಕೈ ಅಂತ ಒದರಿದ್ದ ನೆನಪೈತಿ, ಯಾವ ವರ್ಷದ್ದೋ ಗೊತ್ತಿಲ್ಲ. ಆದ್ರ ಫೋಟೋದಾಗ ಕೈ ನೆಟ್ಟಗ ಐತೆಲ್ಲ. ನನ್ನ ನೆನಪು ಸುಳ್ಳ ಹೇಳೀತು, ಫೋಟೋ ಹೇಳ್ತೈತೇನು?"

ಗುಳಿಗೆಗಿಂತ ಮೊದಲಿನ ಆ ಫೋಟೋದ ಒಂದು ಪ್ರತಿ ಅವನ ಮನೆಯ ಗೋಡೆಯ ಮೇಲೂ ಇತ್ತು. ನಾನು ಮಾಡಿದ ಕೈಯನ್ನು ನಂಬಿ, ತನ್ನ ಕೈಯನ್ನೇ ನಂಬದೆ ಕೂತಿದ್ದ. ಮುಂದಿಟ್ಟ ಚಹಾ ಕುಡಿಯದೆ ಎದ್ದೆ. ಬಿಜಾಪುರಕ್ಕೆ ಹೋಗಿ ಟ್ರಂಕು ತೆಗೆದು, ಸಂಜೆಯ ಬಸ್ಸಿಗೆ ಮರಳಿ ಬಂದೆ.

ಅಣ್ಣ ಪ್ರಿಂಟನ್ನು ಎಡಗೈಯಲ್ಲಿ ಹಿಡಿದ.

"ಯಾವಾಗಿಂದಿದು?"

"ಗುಳಿಗಿ ಸುರು ಮಾಡೂಕಿಂತ ಮೊದಲಿಂದು."

"ಮತ್ತ ಗ್ವಾಡಿ ಮ್ಯಾಲಿನ ಫೋಟೋದಾಗಿನ ಕೈ?"

"ಅದು ಅದರ ಹಿಂದಿನ ವರ್ಷದ್ದು. ಕೊಯ್ದು ಹಚ್ಚೇನಿ."

"ಇದನ್ಯಾಕ ಇಟ್ಕೊಂಡಿದ್ದಿ?"

"ನೋಡಿದ್ರ ಸಮಾಧಾನ ಆಗ್ತಿತ್ತು."

"ಯಾರಿಗೆ?"

"ನನಗ."

ವೈನಿ ಒಲೆಯ ಮುಂದಿನಿಂದ ಎದ್ದು ಬಂದಳು. "ಏ ಮೈದುನಾ, ಮಂದಿ ನಮ್ಮ ತಿಪ್ಪಿ ಕೆದರಿ ಬಾಟ್ಲಿ ಹುಡಿಕ್ಯಾರೋ! ನೀ ಇದನ್ನ ಟ್ರಂಕಿನಾಗ ಇಟ್ಕೊಂಡು ಕುಂತಿದ್ದೇನು?" ಎಂದು ಅಳುತ್ತ ಕೂಗಿದಳು. ಅವಳು ಇನ್ನೂ ಬೈಯಲಿ ಎನಿಸಿತು. ನಾನು ಅಣ್ಣನ ಮುಖ ನೋಡುತ್ತಿದ್ದೆ. ಸಾವಿರಾರು ಮುಖಗಳ ಗೆರೆ ಗೆರೆ ತಿದ್ದಿದವನು ನಾನು. ಆ ಮುಖದಲ್ಲಿ ನನಗೆ ಏನೂ ಓದಲು ಬರಲಿಲ್ಲ. ಸಿಟ್ಟಿಲ್ಲ, ನೋವಿಲ್ಲ, ಕ್ಷಮೆಯಿಲ್ಲ. ಅವನು ಅಂದದ್ದು ಇಷ್ಟೇ: "ನಾಳಿ ಮಿರಜಿಗೆ ಹೋಗೂಣು. ಅದನ್ನ ಮಡಿಚಬ್ಯಾಡ."

ಮಿರಜಿನ ಡಾಕ್ಟರರು ನನ್ನನ್ನು ಬೈಯಲಿಲ್ಲ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಇದು ಗುಳಿಗಿದಲ್ರಿ, ಮೊದಲಿನದ. ಮಾರಿ ನೋಡ್ರಿ, ರೆಪ್ಪಿ ಬಡಿಯದವರ ಹಂಗ. ಕೈಗಿಂತ ಮೊದಲ ಮಾರಿಗೆ ಬಂದಿರಬೇಕು."

"ಅದು ಸೊಕ್ಕಲ್ಲೇನ್ರಿ?" ಎಂದು ಬಾಯಿತಪ್ಪಿ ಕೇಳಿದೆ.

"ಸೊಕ್ಕಿಗೆ ನನ್ನ ಕಡೆ ಔಷಧ ಇಲ್ಲಪಾ, ಇದಕ್ಕ ಐತಿ," ಎಂದರು.

ಹೊಸ ಗುಳಿಗೆ ಮುಂಬಯಿಯಿಂದ ತರಿಸಿಕೊಟ್ಟರು. ಇದು ರೋಗವನ್ನು ಕೀಳುವುದಿಲ್ಲ, ತಡೆದು ನಿಲ್ಲಿಸುವುದೂ ಇಲ್ಲ, ಆದರೆ ಕೈಕಾಲು ಮತ್ತೆ ಮಾತು ಕೇಳುತ್ತವೆ ಎಂದರು. ನನಗೊಂದು ಕೆಲಸ ಹೇಳಿದರು. ಆಗಾಗ ಅಣ್ಣನನ್ನು ಅದೇ ಥರದ ಕುರ್ಚಿಯಲ್ಲಿ, ಅದೇ ಬೆಳಕಿನಲ್ಲಿ, ತೊಡೆಯ ಮೇಲೆ ಕೈ ಇಡಿಸಿ ಫೋಟೋ ತೆಗೆದು ಕಳಿಸಬೇಕು. ಒಂದು ಗೀರೂ ತಿದ್ದಬಾರದು. ಔಷಧ ಎಷ್ಟು ಹತ್ತುತ್ತಿದೆ, ರೋಗ ಎಷ್ಟು ಮುಂದೆ ಹೋಗಿದೆ ಎಂದು ಅವರು ಅದರಿಂದ ನೋಡುತ್ತಾರೆ. ಈಗ ಮಿದುಳಿನ ಒಳಗಿನದನ್ನೇ ತೋರಿಸುವ ಫೋಟೋ ಬಂದಿದೆಯಂತೆ. ಆಗ ನಮಗಿದ್ದದ್ದು ಕರಿಬಟ್ಟೆಯ ಕ್ಯಾಮೆರಾ.

ಔಷಧ ಹತ್ತಿದ ಮೇಲೆ ಮೊದಲ ಫೋಟೋಕ್ಕೆ ಅಣ್ಣ ಸ್ಟೇಷನ್ ರಸ್ತೆಗೆ ಬಂದ. ಬಸ್ಸಿನಿಂದ ತಾನೇ ನಡೆದು ಬಂದಿದ್ದ. ತಿಕೋಟಾದಿಂದ ಅವ್ವನೂ ಬಂದಿದ್ದಳು. ಅವನನ್ನು ಕೂಡಿಸಿ, ಕರಿಬಟ್ಟೆಯ ಒಳಗೆ ತಲೆ ಹಾಕಿದೆ. ತಲೆಕೆಳಗಾದ ಅಣ್ಣ, ತೊಡೆಯ ಮೇಲೆ ಕೈ. ಇನ್ನೂ ತುಸು ಅಲ್ಲಾಡುತ್ತಿತ್ತು, ಆದರೆ ಮೊದಲಿನಷ್ಟಲ್ಲ.

"ಏ ಮಾಸ್ತರ," ಎಂದಳು ಅವ್ವ ಬದಿಯಿಂದ, "ಮೀಸಿಗೆ ಚಾದ ಕೆನಿ ಹತ್ತೇತಲ್ಲೋ. ಹುಡುಗರಿಗೆ ಸ್ವಚ್ಛತಾ ಪಾಠಾ ಹೇಳಾವ ನೀನ ಅಲ್ಲೇನು?"

ಅಣ್ಣ ನಕ್ಕ. ಗಾಜಿನ ಮೇಲೆ ಅದನ್ನು ಕಂಡೆ. ಬಾಯಿಯ ಮೂಲೆ ತಾನಾಗಿ ಎದ್ದಿತು, ಕೆನ್ನೆ ಎದ್ದಿತು, ಕಣ್ಣಿನ ಬದಿಗೆ ನೆರಿಗೆ ಬಿತ್ತು. ನನ್ನ ಪೆನ್ಸಿಲು ಆ ನೆರಿಗೆಯನ್ನು ಎಂದೂ ಹಾಕಿರಲಿಲ್ಲ. ಆ ನಗೆಯೂ ಅವ್ವನಿಗೇ ಹೋಯಿತಲ್ಲ ಎಂದು, ಅಷ್ಟೆಲ್ಲ ಆದ ಮೇಲೂ, ನನ್ನ ಹೊಟ್ಟೆ ಉರಿಯಿತು.

ತಲೆ ಹೊರಗೆ ತೆಗೆದು, "ಅಣ್ಣಾ, ಈ ಕಡಿ ನೋಡು," ಎಂದೆ.

ಅಣ್ಣ ನನ್ನತ್ತ ತಿರುಗಿದ. ನಗೆ ಹೋಯಿತು. ಹುಬ್ಬು ಕೂಡಿದವು, ತುಟಿ ಬಿಗಿಯಿತು. ಈ ಸಲ ಅದನ್ನು ಬಿಗಿದದ್ದು ರೋಗವಲ್ಲ. ನಾನು ಮುಚ್ಚಳ ತೆಗೆದೆ, ಹಾಕಿದೆ.

ಆ ನೆಗೆಟಿವ್ ಅನ್ನು ಹಾಲುಗಾಜಿನ ಮೇಲಿಟ್ಟುಕೊಂಡು ಕೂತೆ. ಪೆನ್ಸಿಲು ಅಲ್ಲೇ ಇತ್ತು. ಮುಟ್ಟಲಿಲ್ಲ. ಪ್ರಿಂಟ್ ಹಾಕಿ ಮಿರಜಿಗೆ ಕಳಿಸಿದೆ. ನನಗಾಗಿ ಒಂದನ್ನೂ ಇಟ್ಟುಕೊಳ್ಳಲಿಲ್ಲ.